ಬೀಗರ ಬಿಳಿ ಮೇಕೆ

ಎಸೆನ್‌ಕುಲ್ ಆ ದಿನ ಮಾಡಿದ ತಪ್ಪು ಒಂದೇ. ಕನಿಕರ ಪಟ್ಟ.

ರಾತ್ರಿಯಿಡೀ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಎತ್ತಿ ಹಾಕಿ, ಮೂಗಿನ ತುದಿಯವರೆಗೂ ಮಸಿ ಮೆತ್ತಿಕೊಂಡು ಬೆಳಿಗ್ಗೆ ಮನೆಗೆ ಬಂದವನು ಸೀದಾ ಹಾಸಿಗೆಗೆ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಂಗಳ ದಾಟುವಾಗ ಬಿಳಿ ಮೇಕೆ ಕಣ್ಣಿಗೆ ಬಿತ್ತು. ಉಳಿದ ಆರು ಮೇಕೆಗಳು ಗೋದಲಿಗೆ ಮುಖ ತೂರಿಸಿ ಕರಕರ ಮೇಯುತ್ತಿದ್ದರೆ, ಇದೊಂದು ಮಾತ್ರ ಮದುವೆ ಮನೆಯಲ್ಲಿ ಯಾರೂ ಗುರುತು ಹಿಡಿಯದ ದೂರದ ನೆಂಟನ ಹಾಗೆ ಗೋಡೆಯ ಮೂಲೆಯಲ್ಲಿ ನಿಂತಿತ್ತು.

ಅದು ಬೀಗರ ಮನೆಯ ಮೇಕೆ. ಬೇಸಿಗೆಯ ಕೊನೆಗೆ ಮಗಳು ಬೆಗಿಮಾಯ್‌ಳನ್ನು ಆಚೆ ಕಣಿವೆಗೆ ಮದುವೆ ಮಾಡಿಕೊಟ್ಟಾಗ, ಹೆತ್ತ ತಾಯಿ ಕುಡಿಸಿದ ಹಾಲಿಗೆಂದು ಗಂಡಿನ ಕಡೆಯವರು ಕೊಟ್ಟ ಉಡುಗೊರೆ. ಅಂಥ ಮೇಕೆಯನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಅದು ದುಂಡದುಂಡಗೆ ಮೈ ತುಂಬಿಕೊಂಡು ನಾಲ್ಕು ಜನರ ಕಣ್ಣಿಗೆ ಬೀಳುತ್ತಿರಬೇಕು. ಇದು ನೋಡಿದರೆ ಬಂದ ದಿನದಿಂದ ಸೊರಗುತ್ತಲೇ ಇತ್ತು.

‘ಪಾಪ, ಅದಕ್ಕೂ ಹೊಟ್ಟೆ ಇಲ್ವಾ’ ಎಂದುಕೊಂಡ ಎಸೆನ್‌ಕುಲ್ ಒಂದು ತೆಕ್ಕೆ ಒಣ ಕುದುರೆಮೆಂತೆ ಮೇವು ಎತ್ತಿ ತಂದು ಬಿಳಿ ಮೇಕೆಯ ಮುಂದೆಯೇ ಹಾಕಿದ.

ಆ ಅಂಗಳದಲ್ಲಿ ಯಾರಿಗೂ ಯಾರೂ ಹಾಗೆ ಕೈಯಾರೆ ಊಟ ಬಡಿಸುವ ಪದ್ಧತಿಯಿರಲಿಲ್ಲ. ಅಲ್ಲಿ ಮೊದಲು ತಿನ್ನುವವಳು ಬೈಬಿಚೆ. ಬೈಬಿಚೆ ಅಂದರೆ ಹಿರೀ ಯಜಮಾನಿ. ಕಪ್ಪು ಮೈ, ಕತ್ತಿಯಂಥ ಕೋಡು, ಸಾಲ ವಸೂಲಿಗೆ ಬಂದವರ ನೋಟ. ಉಳಿದವನ್ನು ‘ಅದು’, ‘ಇದು’ ಎನ್ನುತ್ತಿದ್ದರೂ ಅವಳನ್ನು ಹಾಗೆನ್ನಲು ಮನೆಯಲ್ಲಿ ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಅವಳು ತಿಂದು ಪಕ್ಕಕ್ಕೆ ಸರಿದ ಮೇಲೆ ಗಡ್ಡದ್ದು, ಆಮೇಲೆ ಚುಕ್ಕಿ, ಅದಾದ ಮೇಲೆ ಅಕ್ಕತಂಗಿ ಎರಡು, ಕೊನೆಗೆ ಮೊಂಡುಗೋಡು. ವರ್ಷಗಟ್ಟಲೆ ಎಲ್ಲರ ಕೈಲೂ ಗುದ್ದಿಸಿಕೊಂಡು ಬದುಕಿದ್ದ ಮೊಂಡುಗೋಡಿಗೆ ಬಿಳಿ ಮೇಕೆ ಬಂದದ್ದು ಹಬ್ಬವಾಗಿತ್ತು. ಗುದ್ದಲು ತನಗೂ ಒಬ್ಬರು ಸಿಕ್ಕರಲ್ಲ!

ಬೈಬಿಚೆ ಗೋದಲಿಯಿಂದ ತಲೆಯೆತ್ತಿದಳು. ಮೆಂತೆಯನ್ನು ನೋಡಿದಳು. ಎಸೆನ್‌ಕುಲ್‌ನನ್ನೂ ನೋಡಿದಳು. ಆಮೇಲೆ ಅಂಗಳದ ಆ ತುದಿಯಿಂದ ಈ ತುದಿಗೆ ಬಿಟ್ಟ ಬಾಣದ ಹಾಗೆ ಬಂದಳು. ಅವಳ ಹಿಂದೆ ಗಡ್ಡ, ಗಡ್ಡದ ಹಿಂದೆ ಉಳಿದವು, ಎಲ್ಲರಿಗಿಂತ ಉತ್ಸಾಹದಲ್ಲಿ ಮೊಂಡುಗೋಡು. ಧೂಳು ಇಳಿಯುವಷ್ಟರಲ್ಲಿ ಮೆಂತೆ ಬೈಬಿಚೆಯ ಬಾಯಲ್ಲಿತ್ತು, ಎಸೆನ್‌ಕುಲ್ ಒಲೆಗೆ ಒಣಹಾಕಿದ್ದ ಸಗಣಿ ರಾಶಿಯ ಮೇಲಿದ್ದ, ಬಿಳಿ ಮೇಕೆಯ ಹಣೆ ತರಚಿ ರಕ್ತ ಬಂದಿತ್ತು. ಬಿಳಿ ಬಣ್ಣದ ತೊಂದರೆಯೇ ಅದು. ಕಪ್ಪಿನ ಮೇಲೆ ಏನಾದರೂ ಯಾರಿಗೂ ಕಾಣುವುದಿಲ್ಲ.

ಅಷ್ಟರಲ್ಲಿ ಹೆಂಡತಿ ಶಾಯಿರ್ ಕಿವಿಗೆ ಫೋನು ಒತ್ತಿಕೊಂಡು ಬಾಗಿಲಿಗೆ ಬಂದಳು. ಬಾಯಲ್ಲಿ ಜೇನು ಸುರಿಯುತ್ತಿತ್ತು.

"ಬನ್ನಿ ಬೀಗ್ರೇ, ಬನ್ನಿ! ಕೇಳೋದೇನಿದೆ, ಮನೆ ನಿಮ್ದೇ ಅಲ್ವಾ? ಸಾಯಂಕಾಲದ ಟೀಗೆ ಕಾಯ್ತಾ ಇರ್ತೀವಿ... ಮೇಕೇನಾ? ಓಹೋ, ಮಗಳ ಥರ ನೋಡ್ಕೋತಿದೀವಿ..."

ಅವಳ ಕಣ್ಣು ಬಿಳಿ ಮೇಕೆಯ ಹಣೆಯ ಮೇಲೆ ಬಿತ್ತು. ಕರೆ ಕತ್ತರಿಸಿದ ಫೋನು ಕಿವಿಯಿಂದ ನಿಧಾನವಾಗಿ ಕೆಳಗಿಳಿಯಿತು.

"ಏನ್ರೀ ಇದು?"

"ನಾನೇನೂ ಮಾಡಿಲ್ಲ. ಬರೀ ಮೆಂತೆ ಹಾಕ್ದೆ."

"ನಿಮ್ಗ್ಯಾರು ಹಾಕೋಕ್ ಹೇಳಿದ್ದು? ಬೀಗಿತ್ತಿ ಬರ್ತಿರೋದೇ ಮೇಕೆ ನೋಡೋಕೆ! ಇದನ್ನ ಈ ಅವತಾರದಲ್ಲಿ ನೋಡಿದ್ರೆ ಏನಂದ್ಕೋತಾರೆ? ‘ಒಂದು ಮೇಕೇನೇ ಹೀಗ್ ನೋಡ್ಕೊಳ್ಳೋರು ಮಗಳನ್ನ ಇನ್ನೇನು ಬೆಳೆಸಿರ್ತಾರೆ’ ಅನ್ನಲ್ವಾ? ಅಲ್ಲಿ ಮಾತು ಕೇಳ್ಬೇಕಾಗೋದು ಬೆಗಿಮಾಯ್!"

ಮಗಳ ಹೆಸರು ಬಂದ ಮೇಲೆ ಎಸೆನ್‌ಕುಲ್‌ನ ನಿದ್ದೆ ಹಾಸಿಗೆಯಿಂದ ಎದ್ದು ಎಲ್ಲೋ ದೂರ ಹೊರಟುಹೋಯಿತು. ಬೆಗಿಮಾಯ್ ಇನ್ನೂ ಹೊಸ ಸೊಸೆ. ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರಿಗೂ ಟೀ ಬಗ್ಗಿಸಿ ಕೊಟ್ಟು ಕೊನೆಯಲ್ಲಿ ಕುಡಿಯುವವಳು. ಅವಳ ತಲೆಯ ಮೇಲೆ ಒಂದು ಮೇಕೆಯ ಭಾರ ಬೇರೆ ಬೇಡವೆಂದು ಅವನಿಗೂ ಅನ್ನಿಸಿತು.

"ಬೈಬಿಚೆ..." ಎಂದ, ಸೋತ ದನಿಯಲ್ಲಿ.

ಹೆಂಡತಿಯೂ ಮೇಕೆಯೂ ಒಟ್ಟಿಗೆ ತಿರುಗಿ ನೋಡಿದರು. ಅವನು ಇಬ್ಬರನ್ನೂ ಹಾಗೆಯೇ ಕರೆಯುತ್ತಿದ್ದ.

"ಸಾಯಂಕಾಲದೊಳಗೆ ಇವುಗಳ ಜಗಳ ನಿಲ್ಬೇಕು. ಏಳೂ ಒಂದೇ ಗೋದಲೀಲಿ ಮೇಯ್ತಿರ್ಬೇಕು. ಹೇಗ್ ಮಾಡ್ತೀರೋ ನಂಗೊತ್ತಿಲ್ಲ" ಎಂದು ಶಾಯಿರ್ ಹಿಟ್ಟು ನಾದಲು ಒಳಗೆ ಹೋದಳು.

ಅಂಗಳದ ಮಾತು ಗೋಡೆಯಾಚೆಗೆ ಕೇಳಿಸದೇ ಇರುವ ಊರಲ್ಲ ಅದು. ಪಕ್ಕದ ಮನೆಯ ಕಲ್‌ಮುರ್ಜಾನ ತಲೆ ಗೋಡೆಯ ಮೇಲೆ ಮೂಡಿತು. ಹಿಂದೆ ಪಶುವೈದ್ಯರ ಜೀಪು ಓಡಿಸುತ್ತಿದ್ದವನು. ವೈದ್ಯರು ಸತ್ತು ಬಹಳ ಕಾಲವಾಗಿದ್ದರೂ ಅವರ ವಿದ್ಯೆಯೆಲ್ಲ ಸ್ಟೇರಿಂಗ್ ಮೂಲಕ ತನ್ನ ಕೈಗಿಳಿದಿದೆ ಎಂದು ಅವನ ನಂಬಿಕೆ.

"ತಮ್ಮಾ, ಮೇಕೆ ಜಗಳ ಎಲ್ಲಾ ಮೂಗಿಂದು" ಎಂದ. "ಹೊಸದ್ರ ವಾಸನೆ ಬೇರೆ, ಅದಕ್ಕೇ ಸೇರಿಸ್ಕೊಳ್ತಿಲ್ಲ. ಏಳಕ್ಕೂ ಒಂದೇ ವಾಸನೆ ಬರೋ ಹಾಗ್ ಮಾಡು. ಮುಗೀತು."

"ಹೆಂಗಣ್ಣ ಮಾಡೋದು?"

"ವೋಡ್ಕಾ ಇದ್ಯಾ?"

ಇತ್ತು. ಬೀಗರು ಬಂದರೆ ಬೇಕೆಂದು ಹಾಸಿಗೆ ರಾಶಿಯ ಹಿಂದೆ ಅಡಗಿಸಿಟ್ಟ ಒಂದೇ ಒಂದು ಬಾಟಲಿ. ಎಸೆನ್‌ಕುಲ್ ಹಿಂದೆಮುಂದೆ ನೋಡುವಷ್ಟರಲ್ಲಿ ಕಲ್‌ಮುರ್ಜಾ ಗೋಡೆ ಹಾರಿ ಬಂದು, ಮುಚ್ಚಳ ತಿರುಗಿಸಿ, ಔಷಧ ಸರಿಯಿದೆಯೋ ಇಲ್ಲವೋ ಎಂದು ಮೊದಲು ತಾನೇ ಒಂದು ಗುಟುಕು ಪರೀಕ್ಷಿಸಿದ. ಅನುಮಾನ ಬಗೆಹರಿಯಲಿಲ್ಲವೆಂದು ಇನ್ನೊಂದು ಗುಟುಕು. ಆಮೇಲೆ ಇಬ್ಬರೂ ಸೇರಿ ಒಂದೊಂದೇ ಮೇಕೆಯನ್ನು ಹಿಡಿದು ಮೂಗಿಗೆ, ಬೆನ್ನಿಗೆ, ಬಾಲದ ಬುಡಕ್ಕೆ ವೋಡ್ಕಾ ಬಳಿದರು. ಕಲ್‌ಮುರ್ಜಾ ಹಿಡಿಯುವುದಕ್ಕಿಂತ ಹೇಳುವುದೇ ಹೆಚ್ಚಾದ್ದರಿಂದ ಅರ್ಧ ವೋಡ್ಕಾ ಎಸೆನ್‌ಕುಲ್‌ನ ಅಂಗಿಯ ಮೇಲೆಯೇ ಚೆಲ್ಲಿತು.

ಏಳೂ ಮೇಕೆಗಳು ಸಾಲಾಗಿ ಸೀನಿದವು. ನಿಜಕ್ಕೂ ಏಳಕ್ಕೂ ಒಂದೇ ವಾಸನೆ. ಬೈಬಿಚೆ ಬಿಳಿಯದನ್ನು ಮೂಸಿದಳು. ಗಡ್ಡದ್ದನ್ನು ಮೂಸಿದಳು. ಎಸೆನ್‌ಕುಲ್‌ನನ್ನೂ ಮೂಸಿದಳು. ಯಾರು ಯಾರೆಂದು ಗೊತ್ತಾಗದೆ, ಯಾರಿಗೂ ಬೇಸರವಾಗಬಾರದೆಂದು ಎಂಟು ಜನಕ್ಕೂ ಒಂದೊಂದು ಗುದ್ದು ಹಂಚಿದಳು.

ಎಸೆನ್‌ಕುಲ್ ಮೊಣಕಾಲು ಹಿಡಿದುಕೊಂಡು ಕೂತ. ಹಾಗೆ ಕೂತಲ್ಲೇ ರೆಪ್ಪೆ ಮುಚ್ಚಿತು. ಇನ್ನೇನು ಗೊರಕೆ ಶುರುವಾಗಬೇಕು, ಬೀದಿಯಾಚೆಯ ಮನೆಯ ಉಮ್ಸುನಾಯ್ ಅಜ್ಜಿ ಊರುಗೋಲಿನಿಂದ ಅವನ ಬೆನ್ನು ತಿವಿದಳು.

"ಹಗಲೊತ್ತಲ್ಲೇ ಕುಡ್ದಿದೀಯೇನೋ ಮಗಾ?"

"ಇಲ್ಲಜ್ಜಿ, ಮೇಕೆಗೆ..."

"ಮೇಕೆಗೂ ಕುಡಿಸಿದ್ಯಾ!"

ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಅವನಿಗೆ ಇನ್ನೊಂದು ಪಾಳಿ ಕಲ್ಲಿದ್ದಲು ಹೊತ್ತಷ್ಟು ಸುಸ್ತಾಯಿತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಇಷ್ಟಕ್ಕೆ ಇಷ್ಟೆಲ್ಲಾ ಯಾಕೋ? ದಬ್ಬಾಳಿಕೆ ಮಾಡ್ತಿರೋಳು ಒಬ್ಳು. ಅವಳನ್ನ ಸಾಯಂಕಾಲದ ತನಕ ನಮ್ಮನೆ ಅಂಗಳದಲ್ಲಿ ಕಟ್ಟು. ಉಳಿದವು ತಾವಾಗೇ ತಣ್ಣಗಾಗ್ತವೆ. ನನ್ನ ಕಾಲದಲ್ಲಿ ಇಂಥವು ಎಷ್ಟ್ ನೋಡಿಲ್ಲ."

ಇದೇನೋ ಸರಿಯೆನ್ನಿಸಿತು. ಎಸೆನ್‌ಕುಲ್ ಬೈಬಿಚೆಯ ಕೋಡಿಗೆ ಹಗ್ಗ ಹಾಕಿ ಬೀದಿ ದಾಟಿಸಿದ. ನೋಡಿದವರಿಗೆ ಮಾತ್ರ ಯಾರು ಯಾರನ್ನು ದಾಟಿಸುತ್ತಿದ್ದಾರೆ ಎನ್ನುವುದು ಸ್ಪಷ್ಟವಾಗಲಿಲ್ಲ.

ವಾಪಸ್ಸು ಬಂದು ನೋಡಿದರೆ ಅಂಗಳ ನಿಶ್ಶಬ್ದ. ಆರೂ ಮೇಕೆಗಳು ಬೈಬಿಚೆ ನಿಲ್ಲುತ್ತಿದ್ದ ಜಾಗವನ್ನೇ ನೋಡುತ್ತಿದ್ದವು. ಗೋದಲಿಯ ಬಲತುದಿ, ಬಿಸಿಲು ಬೀಳುವ ಕಡೆ. ಎಸೆನ್‌ಕುಲ್‌ಗೆ ಕಣ್ಣಲ್ಲಿ ನೀರು ಬರುವಷ್ಟು ಸಮಾಧಾನವಾಯಿತು. ಒಳಗೆ ಹೋಗಿ ಚಾಪೆಯ ಮೇಲೆ ಉರುಳಿದ.

ಹೊರಗೆ ಗಡ್ಡದ್ದು ಆ ಜಾಗಕ್ಕೆ ಒಂದು ಹೆಜ್ಜೆಯಿಟ್ಟಿತು. ಚುಕ್ಕಿಯೂ ಇಟ್ಟಿತು.

ಆಮೇಲೆ ನಡೆದದ್ದಕ್ಕೆ ಹೋಲಿಸಿದರೆ ಬೆಳಗಿನದು ಮಕ್ಕಳಾಟ. ಇಷ್ಟು ವರ್ಷ ಬೈಬಿಚೆಯ ಹೆದರಿಕೆಯಲ್ಲಿ ಬಾಕಿ ಉಳಿದಿದ್ದ ಲೆಕ್ಕವೆಲ್ಲ ಒಟ್ಟಿಗೆ ಹೊರಬಂತು. ಗಡ್ಡ ಮತ್ತು ಚುಕ್ಕಿ ಹಿಂಗಾಲ ಮೇಲೆ ನಿಂತು ಢೀ ಕೊಟ್ಟ ಸದ್ದಿಗೆ ಕಿಟಕಿಯ ಗಾಜು ಅದುರಿತು. ಇಷ್ಟು ದಿನ ಒಂದರ ಮೈಗೊಂದು ಒರಗಿ ಮಲಗುತ್ತಿದ್ದ ಅಕ್ಕತಂಗಿ ಎರಡೂ ಬೇರೆ ಬೇರೆ ಪಕ್ಷ ಸೇರಿದವು. ಯಾವ ಪಕ್ಷ ಗೆಲ್ಲುತ್ತದೋ ತಿಳಿಯದ ಮೊಂಡುಗೋಡು ಎರಡೂ ಕಡೆಯವರನ್ನು ಹಿಂದಿನಿಂದ ಗುದ್ದಿತು. ಹುಲ್ಲಿನ ಬಣವೆ ಕುಸಿಯಿತು. ಬೀಗರನ್ನು ಕೂರಿಸಲೆಂದು ಶಾಯಿರ್ ಬಿಸಿಲಿಗೆ ಹರವಿದ್ದ ರೇಷ್ಮೆಯ ಹಾಸು ಗಡ್ಡದ ಕೋಡಿಗೆ ಸಿಕ್ಕಿ, ಮೂರು ಸುತ್ತು ಅಂಗಳ ನೋಡಿ, ಕೆಸರಿನಲ್ಲಿ ವಿಶ್ರಾಂತಿ ಪಡೆಯಿತು.

"ರೀ! ಏಳ್ರೀ! ಮನೆ ಹೋಯ್ತು!" ಎಂದು ಶಾಯಿರ್ ಹಿಟ್ಟಿನ ಕೈಯಲ್ಲೇ ಗಂಡನನ್ನು ಎಬ್ಬಿಸಿದಳು.

ಅವನು ಹೊರಗೆ ಓಡಿ ಬರುವುದಕ್ಕೂ, ಬಿಳಿ ಮೇಕೆ ಕುಸಿದ ಬಣವೆ ಹತ್ತಿ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಕೊಟ್ಟಿಗೆಯ ಮಣ್ಣಿನ ಮಾಳಿಗೆಗೆ ನೆಗೆಯುವುದಕ್ಕೂ ಸರಿಹೋಯಿತು. ಊರಲ್ಲಿ ಅದಕ್ಕಿಂತ ಶಾಂತವಾದ ಜಾಗ ಅದಕ್ಕೆ ಕಂಡಿರಲಿಕ್ಕಿಲ್ಲ.

ಅದೇ ಹೊತ್ತಿಗೆ ಬೀದಿಯಾಚೆಯಿಂದ ಅಜ್ಜಿಯ ಕೂಗು ಕೇಳಿತು. ಬೈಬಿಚೆ ಹಗ್ಗ ಹರಿದುಕೊಂಡು ಅಜ್ಜಿಯ ಎರಡು ಮೇಕೆಗಳನ್ನು ಮೂಲೆಗೆ ಒತ್ತರಿಸಿ, ನಾಯಿಯನ್ನು ಅದರ ಗೂಡಿನಿಂದ ಹೊರಗೆ ಹಾಕಿ, ಅಂಗಳದ ಬೇಸಿಗೆ ಅಡಿಗೆಮನೆಗೆ ನುಗ್ಗಿ, ಆಗಷ್ಟೇ ಕರಿದಿಟ್ಟ ಹಿಟ್ಟಿನ ತುಂಡು ಬೋರ್ಸೊಕ್ ತಿನ್ನುತ್ತ ನಿಂತಿದ್ದಳು.

"ತಗೊಂಡ್ ಹೋಗೋ ನಿಮ್ಮವಳನ್ನ!" ಅಜ್ಜಿ ಊರುಗೋಲು ಬೀಸುತ್ತಿದ್ದಳು. "ನಮ್ಮತ್ತೇನೂ ಹಿಂಗಿರ್ಲಿಲ್ಲ!"

ಬೈಬಿಚೆ ಮನೆಗೆ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗೆ ನೋಡಿದಳು, ಅಷ್ಟೆ. ಗಡ್ಡದ್ದು ಕೋಡು ತಗ್ಗಿಸಿತು. ಚುಕ್ಕಿ ತನಗೇನೂ ಗೊತ್ತಿಲ್ಲದ ಹಾಗೆ ಮೈ ಕೆರೆದುಕೊಂಡಿತು. ಅಕ್ಕತಂಗಿ ಮತ್ತೆ ಅಕ್ಕತಂಗಿಯಾದವು. ಬೈಬಿಚೆ ಬಿಸಿಲಿನ ಜಾಗಕ್ಕೆ ನಡೆದುಹೋಗಿ ನಿಂತಳು. ಎಲ್ಲವೂ ಸಾಲಾಗಿ ಕೊಟ್ಟಿಗೆಯೊಳಕ್ಕೂ ಹೊರಕ್ಕೂ ಓಡಾಡತೊಡಗಿದವು. ಇಡೀ ದಿನ ಎಸೆನ್‌ಕುಲ್ ಬೆವರು ಸುರಿಸಿ ತರಲಾಗದ ಶಾಂತಿ, ಅವಳು ಒಂದು ಸಲ ಕತ್ತು ತಿರುಗಿಸಿದ್ದಕ್ಕೆ ಬಂದಿತ್ತು.

ಉಳಿದದ್ದು ಮಾಳಿಗೆಯ ಮೇಲಿನ ಬಿಳಿ ಮೇಕೆ. ಕರೆದರೆ ಬರಲಿಲ್ಲ. ಮೆಂತೆ ತೋರಿಸಿದರೂ ಬರಲಿಲ್ಲ. ಬೆಳಿಗ್ಗೆ ಮೆಂತೆಯಿಂದ ಏನಾಯಿತೆಂದು ಅದಕ್ಕೆ ನೆನಪಿತ್ತು.

"ನೀನೇ ಹತ್ತಿ ಎತ್ಕೊಂಡ್ ಬಾ ತಮ್ಮಾ" ಎಂದ ಕಲ್‌ಮುರ್ಜಾ. "ಮಾಳಿಗೆ ಗಟ್ಟಿ ಇದೆ. ನೀನು ಕಟ್ಟುವಾಗ ನಾನೇ ಅಲ್ವಾ ಹೇಳ್ಕೊಟ್ಟಿದ್ದು."

ಹೇಳಿಕೊಟ್ಟವನು ಯಾರೆಂದು ನೆನಪಾದಾಗಲೇ ಎಸೆನ್‌ಕುಲ್ ಹೆದರಬೇಕಿತ್ತು. ಆದರೆ ಸುಸ್ತಾದ ಮನುಷ್ಯನಿಗೆ ಹೆದರುವುದೂ ಒಂದು ಕೆಲಸವೇ. ಹತ್ತಿದ. ಮೇಕೆಯ ಹತ್ತಿರ ಹೋಗಿ ಎರಡೂ ಕೈ ಚಾಚಿದ. ಮೇಕೆ ಒಂದು ಹೆಜ್ಜೆ ಹಿಂದೆ ಇಟ್ಟಿತು, ಅವನು ಒಂದು ಹೆಜ್ಜೆ ಮುಂದೆ ಇಟ್ಟ. ಆ ಹೆಜ್ಜೆ ಮಣ್ಣು, ಹುಲ್ಲು, ರೆಂಬೆಗಳನ್ನೆಲ್ಲ ದಾಟಿಕೊಂಡು ತೊಡೆಯವರೆಗೂ ಕೆಳಗಿಳಿಯಿತು.

ಒಂದು ಕಾಲು ಮಾಳಿಗೆಯ ಮೇಲೆ ಮಡಿಸಿಕೊಂಡು, ಇನ್ನೊಂದು ಕಾಲು ಕೊಟ್ಟಿಗೆಯೊಳಗೆ ತೂಗಾಡಿಸಿಕೊಂಡು ಎಸೆನ್‌ಕುಲ್ ಕೂತ. ಸದ್ದಿಗೆ ಬೈಬಿಚೆಯ ಹಿಂದೆ ಒಳಗೆ ನುಗ್ಗಿದ ಮೇಕೆಗಳಿಗೆ ಸೂರಿನಿಂದ ಇಳಿದ ಆ ಕಾಲು ಮಂದೆಗೆ ಬಂದ ಹೊಸಬನಂತೆ ಕಂಡಿತು. ಬೈಬಿಚೆ ಮೊದಲು ಗುದ್ದಿದಳು. ಆಮೇಲೆ ಗಡ್ಡ. ಆಮೇಲೆ ಚುಕ್ಕಿ. ಗುದ್ದಿನ ಭಾರದ ಮೇಲೆಯೇ ಯಾರ ಸರದಿಯೆಂದು ಅವನಿಗೆ ಗೊತ್ತಾಗುತ್ತಿತ್ತು. ಕೊನೆಯಲ್ಲಿ ಮೊಂಡುಗೋಡು ಬಂದು, ತನಗಿಂತ ಕೆಳಗೆ ಇನ್ನೊಬ್ಬರು ಸಿಕ್ಕ ಖುಷಿಗೆ ಬಿಡದೆ ಗುದ್ದತೊಡಗಿತು.

ಆಗ ಗೇಟಿನ ಮುಂದೆ ಬೀಗರ ಹಳೆಯ ವ್ಯಾನು ಬಂದು ನಿಂತಿತು.

ಬೀಗ ಮಾಂಬೆತ್ ಇಳಿದ. ಬೀಗಿತ್ತಿ ಕುಲೈಮ್ ಬಿಳಿಯ ತಲೆವಸ್ತ್ರ ಸರಿಪಡಿಸಿಕೊಳ್ಳುತ್ತ ಇಳಿದಳು. ಇಬ್ಬರೂ ಕೆಸರಿನಲ್ಲಿ ಬಿದ್ದ ರೇಷ್ಮೆಯ ಹಾಸನ್ನು ನೋಡಿದರು, ಕುಸಿದ ಬಣವೆ ನೋಡಿದರು, ತಲೆಯೆತ್ತಿ ಮಾಳಿಗೆ ನೋಡಿದರು.

"ಸಲಾಂ ಬೀಗ್ರೇ" ಎಂದ ಎಸೆನ್‌ಕುಲ್ ಮೇಲಿನಿಂದ, ಎದೆಯ ಮೇಲೆ ಕೈಯಿಟ್ಟು. "ಆರಾಮಾಗಿದ್ದೀರಾ? ದಾರಿ ಚೆನ್ನಾಗಿತ್ತಾ?"

ಮಾಂಬೆತ್ ಗಾಳಿಯನ್ನು ಮೂಸಿದ. "ಬೀಗ್ರು ನಮ್ಮನ್ನ ಕಾಯ್ದೇನೇ ಶುರು ಮಾಡ್ಕೊಂಡ್ ಬಿಟ್ಟಿದ್ದಾರೆ" ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ.

ಕುಲೈಮ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಬಿಳಿ ಮೇಕೆಯ ಮೇಲೆ. ಒಂದು ಸಲ ನಾಲಿಗೆ ಲೊಚಗುಟ್ಟಿಸಿದಳು. ಇಡೀ ಮಧ್ಯಾಹ್ನ ಯಾರಿಗೂ ಜಗ್ಗದ ಮೇಕೆ ಎಸೆನ್‌ಕುಲ್‌ನ ಹೆಗಲನ್ನೇ ಮೆಟ್ಟಿಲು ಮಾಡಿಕೊಂಡು ಕೆಳಗೆ ಹಾರಿ ಅವಳ ಲಂಗಕ್ಕೆ ಮುಖ ಒರೆಸಿತು. ಕುಲೈಮ್ ಗಳಗಳ ಅತ್ತುಬಿಟ್ಟಳು.

ಶಾಯಿರ್ ಬಾಗಿಲಲ್ಲಿ ಬೆಳ್ಳಗಾಗಿ ನಿಂತಿದ್ದಳು. ಬೀಗಿತ್ತಿಯ ಬೆರಳು ಮೇಕೆಯ ಹಣೆಯ ಗಾಯದ ಮೇಲೆ ಆಡುತ್ತಿತ್ತು.

"ಇದೇನು, ಇಲ್ಲೂ ಜಗಳ ಆಡಿದ್ದಾಳಾ?" ಕುಲೈಮ್ ಅಳುವಿನ ನಡುವೆಯೇ ನಕ್ಕಳು. "ಬಂದಿಷ್ಟು ದಿನಕ್ಕೇ ಎಲ್ರನ್ನೂ ಬಗ್ಗಿಸಿರ್ಬೇಕು, ಅಲ್ವಾ? ನಮ್ಮಲ್ಲೂ ಹೀಗೇ. ಇವಳು ಕಣ್ ಬಿಟ್ರೆ ಇಡೀ ಮಂದೆ ದಾರಿ ಬಿಡ್ತಿತ್ತು."

ಶಾಯಿರ್‌ಳ ಮುಖಕ್ಕೆ ರಕ್ತ ಹಿಂದಿರುಗಿತು. "ಅಯ್ಯೋ, ಕೇಳ್ಬೇಡಿ ಬೀಗ್ರೇ!" ಎಂದಳು ಒಂದೇ ಉಸಿರಿಗೆ. "ಇಲ್ಲೂ ಅವಳದ್ದೇ ದರ್ಬಾರು. ಅವಳಿಲ್ದೆ ಉಳಿದವು ಒಂದು ಹುಲ್ಲುಕಡ್ಡಿ ಮುಟ್ಟಲ್ಲ. ನೀವೇ ನೋಡಿದ್ರಲ್ಲ, ಎಲ್ಲರಿಗಿಂತ ಮೇಲೆ ನಿಂತಿದ್ಲು!"

ಮಾಳಿಗೆಯ ಮೇಲಿದ್ದ ಎಸೆನ್‌ಕುಲ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೊಂಡುಗೋಡು ಕೆಳಗಿನಿಂದ ಗುದ್ದಿತು. ಬಾಯಿ ಮುಚ್ಚಿಕೊಂಡ.

ಕಲ್‌ಮುರ್ಜಾ ಕೆಳಗಿನಿಂದ ದೂಡಿ, ಮಾಂಬೆತ್ ಮೇಲಿನಿಂದ ಎಳೆದು, ಅಂತೂ ಅವನನ್ನು ಮಾಳಿಗೆಯಿಂದ ಬಿಡಿಸಿದರು. ಬೂಟು ಮಾತ್ರ ಬೈಬಿಚೆಯ ವಶದಲ್ಲೇ ಉಳಿಯಿತು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ತೊಟ್ಟು ಅವನು ಬೀಗರ ಎದುರು ಟೀಗೆ ಕೂತ.

ಮೂರನೆಯ ಬಟ್ಟಲು ಮುಗಿದ ಮೇಲೆ ಕುಲೈಮ್ ಗಂಡನ ಮುಖ ನೋಡಿದಳು. ಮಾಂಬೆತ್ ಗಂಟಲು ಸರಿಮಾಡಿಕೊಂಡ.

"ನಾಚ್ಕೆ ಬಿಟ್ಟು ಒಂದ್ ಮಾತು ಕೇಳೋಕ್ ಬಂದಿದೀವಿ, ಬೀಗ್ರೇ."

ಎಸೆನ್‌ಕುಲ್ ಬಟ್ಟಲು ಕೆಳಗಿಟ್ಟ. "ಬೆಗಿಮಾಯ್ ಏನಾದ್ರೂ..."

"ಛೆ ಛೆ, ಬೆಗಿಮಾಯ್ ಚಿನ್ನ! ವಿಷ್ಯ ಮೇಕೇದು. ಹಾಲಿನ ಉಡುಗೊರೆ ಅಂದ್ಮೇಲೆ ಮಂದೇಲಿ ಶ್ರೇಷ್ಠವಾದ್ದನ್ನೇ ಕೊಡ್ಬೇಕು ಅಂತ ಇವಳನ್ನ ಕೊಟ್ವಿ. ಕೊಟ್ಟ ಮಾರನೇ ದಿನದಿಂದ ನಮ್ಮ ಮಂದೆ ಮಂದೆಯಾಗಿ ಉಳಿದಿಲ್ಲ. ಹಗಲೂ ರಾತ್ರಿ ಹೊಡೆದಾಟ. ಬೇಲಿ ಮುರೀತು, ಹಾಲು ಬತ್ತಿತು. ನಿಮ್ಮ ಮಗಳು ಪಾಪ, ಬಿಡಿಸೋಕ್ ಹೋಗಿ ಎರಡು ಸಲ ಬಿದ್ಲು. ಕೊಟ್ಟಿದ್ದನ್ನ ಕೇಳೋದು ತಪ್ಪೇ. ಆದ್ರೂ... ಇವಳನ್ನ ವಾಪಸ್ ಕೊಡೋಕಾಗುತ್ತಾ?"

ಎಸೆನ್‌ಕುಲ್‌ಗೆ ಎದ್ದು ಕುಣಿಯಬೇಕೆನ್ನಿಸಿತು. ಬರೀ ಕಾಲುಚೀಲದ ಕಾಲಿನಲ್ಲಾದರೂ ಸರಿ. ಆದರೆ ಶಾಯಿರ್ ಕೆನ್ನೆಯ ಮೇಲೆ ಕೈಯಿಟ್ಟು ದುಃಖದ ಮುಖ ಮಾಡಿದ್ದಳು.

"ಹೆಂಗ್ ಕೊಡೋದು ಬೀಗ್ರೇ... ಮನೆ ಮಗಳಾಗ್ಬಿಟ್ಟಿದ್ದಾಳೆ. ಇವಳಿಲ್ದೆ ನಮ್ಮವು ಹೇಗಿರ್ತವೆ?"

ಮೇಜಿನ ಕೆಳಗೆ ಎಸೆನ್‌ಕುಲ್ ಬೂಟಿದ್ದ ಕಾಲಿನಿಂದ ಅವಳ ಪಾದ ಮೆಟ್ಟಿದ. "ಕೊಡೋಣ!" ಎಂದ. ದನಿ ತೀರಾ ಲವಲವಿಕೆಯದಾಯಿತೆಂದು ಅವನಿಗೇ ಅನ್ನಿಸಿ, ಮೂಗೊರೆಸಿಕೊಂಡು, "ಕಷ್ಟ ಆಗುತ್ತೆ... ಆದ್ರೂ ಮಗಳ ಮನೆಗಿಂತ ದೊಡ್ಡದಾ? ಕರ್ಕೊಂಡ್ ಹೋಗಿ" ಎಂದು ಸೇರಿಸಿದ.

ಕುಲೈಮ್ ಎದ್ದು ಬಂದು ಶಾಯಿರ್‌ಳನ್ನು ತಬ್ಬಿಕೊಂಡಳು. ಮಾಂಬೆತ್ ಎಸೆನ್‌ಕುಲ್‌ನ ಎರಡೂ ಕೈ ಹಿಡಿದು ಕುಲುಕಿದ. ಬಿಳಿ ಮೇಕೆಯನ್ನು ವ್ಯಾನಿನ ಮುಂದಿನ ಸೀಟಿಗೇ ಹತ್ತಿಸಿದರು. ಅದು ಒಂದು ಸಲವೂ ತಿರುಗಿ ನೋಡಲಿಲ್ಲ. ಎಸೆನ್‌ಕುಲ್‌ಗೆ ಮೈಯೆಲ್ಲ ಹತ್ತಿಯಾದ ಹಾಗೆ ಹಗುರವಾಯಿತು.

"ಒಂದ್ ನಿಮಿಷ ಇರಿ ಬೀಗ್ರೇ" ಎಂದು ಮಾಂಬೆತ್ ವ್ಯಾನಿನ ಹಿಂಬಾಗಿಲ ಕಡೆ ಹೋದ. "ಹಾಲಿನ ಉಡುಗೊರೆ ವಾಪಸ್ ತಗೊಂಡು ಬರಿಗೈಲಿ ಬಿಟ್ಟೋಗೋಕೆ ನಾವೇನು ದಾರಿಹೋಕ್ರಾ? ಮನೇಲೇ ಯೋಚ್ನೆ ಮಾಡ್ಕೊಂಡೇ ಬಂದಿದ್ವಿ. ಒಂದಕ್ಕೆ ಎರಡು ತಂದಿದೀವಿ."

ಹಿಂಬಾಗಿಲು ತೆರೆಯಿತು. ಒಳಗೆ ನಡುವೆ ಹಳೆಯ ಮರದ ಬಾಗಿಲೊಂದನ್ನು ಅಡ್ಡ ನಿಲ್ಲಿಸಿ ಬಿಗಿಯಾಗಿ ಕಟ್ಟಿದ್ದರು. ಅದರ ಈಚೆಗೊಂದು, ಆಚೆಗೊಂದು ಕೆಂಚು ಮೇಕೆ. ಎರಡಕ್ಕೂ ಮಾರುದ್ದದ ಕೋಡು. ಎರಡರ ಬಾಯಿಗೂ ಬಟ್ಟೆ ಸುತ್ತಿತ್ತು. ನಡುವಿನ ಬಾಗಿಲು ಎರಡೂ ಕಡೆಯಿಂದ ಸೀಳುಬಿಟ್ಟಿತ್ತು.

"ಇವಳ ಜಾಗಕ್ಕೆ ಹೊಡೆದಾಡ್ತಿರೋವು ಇವೇ ಎರಡು" ಎಂದಳು ಕುಲೈಮ್ ಹೆಮ್ಮೆಯಿಂದ. "ಒಂದನ್ನ ಆರಿಸ್ಕೊಳ್ಳಿ ಅನ್ನೋಣ ಅಂದ್ಕೊಂಡಿದ್ವಿ. ಆದ್ರೆ ಇವಳಿಲ್ದೆ ನಿಮ್ಮ ಮಂದೆ ಅನಾಥ ಆಗುತ್ತೆ ಅಂತ ಶಾಯಿರ್ ಬಾಯಿಂದ್ಲೇ ಕೇಳಿದ್ಮೇಲೆ ಎರಡನ್ನೂ ಕೊಡದೇ ಹೋದ್ರೆ ನಮಗೆ ನಿದ್ದೆ ಬರುತ್ತಾ? ಯಾವ್ದು ಗೆಲ್ಲುತ್ತೋ ಅದು ನೋಡ್ಕೊಳ್ಳುತ್ತೆ ಬಿಡಿ. ಬೆಗಿಮಾಯ್‌ನ ಕರ್ಕೊಂಡು ಹೊಸ ವರ್ಷಕ್ಕೆ ಬರ್ತೀವಿ, ಆಗ ನೋಡೋಣ."

ಮಾಂಬೆತ್ ಒಂದು ಹಗ್ಗವನ್ನು ಎಸೆನ್‌ಕುಲ್‌ನ ಬಲಗೈಗೆ, ಇನ್ನೊಂದನ್ನು ಎಡಗೈಗೆ ಕೊಟ್ಟು, ಬಾಯಿಯ ಬಟ್ಟೆ ಬಿಚ್ಚಿ, ಲಗುಬಗೆಯಿಂದ ಡ್ರೈವರ್ ಸೀಟು ಹತ್ತಿದ. ಶಾಯಿರ್ ಗಂಡನ ಮುಖ ನೋಡದೆ ಕೆಸರಿನ ಹಾಸು ಎತ್ತಲು ಹೋದಳು. ಕಲ್‌ಮುರ್ಜಾ ಗೋಡೆ ಹಾರಿ ತನ್ನ ಕಡೆಗೆ ಸೇರಿಕೊಂಡ. ಅಂಗಳದೊಳಗೆ ಬೈಬಿಚೆ ಬೂಟನ್ನು ಕೆಳಗೆ ಹಾಕಿ, ನಿಧಾನವಾಗಿ ಗೇಟಿನ ಕಡೆ ತಿರುಗಿದಳು.

ವ್ಯಾನು ಹೊರಟಿತು. ಬೀಗ, ಬೀಗಿತ್ತಿ ಇಬ್ಬರೂ ಕಿಟಕಿಯಿಂದ ಕೈ ಹೊರಹಾಕಿ ತಿರುವು ಬರುವವರೆಗೂ ಬೀಸುತ್ತಲೇ ಇದ್ದರು. ತಿರುಗಿ ಬೀಸೋಣವೆಂದರೆ ಎಸೆನ್‌ಕುಲ್‌ಗೆ ಕೈ ಬಿಡುವಿರಲಿಲ್ಲ. ಒಂದು ಹಗ್ಗ ಬಲಕ್ಕೆ ಎಳೆಯುತ್ತಿತ್ತು, ಇನ್ನೊಂದು ಎಡಕ್ಕೆ.